ಮೆಟಲ್ ಬ್ಯಾಂಡಿನಲ್ಲಿ ಟಿನ್ ವಿಸಲ್: ನಾನು ಜಾಗ ಮಾಡಿಕೊಂಡ ಬಗೆ

ಮೆಟಲ್ ಬ್ಯಾಂಡಿನಲ್ಲಿ ಟಿನ್ ವಿಸಲ್ (ಐರಿಷ್ ಸಂಗೀತದ ಸಣ್ಣ ಲೋಹದ ಕೊಳಲು) ಊದುತ್ತೇನೆ ಅಂದರೆ ಎಲ್ಲರೂ ಕೇಳುವುದು ಒಂದೇ: ಅಷ್ಟು ಗಲಾಟೆಯಲ್ಲಿ ಅದು ಕೇಳಿಸುತ್ತಾ? ಕೇಳಿಸುತ್ತದೆ. ಆದರೆ ಗಟ್ಟಿಯಾಗಿ ಊದಿ ಕೇಳಿಸಲು ಆಗುವುದಿಲ್ಲ. ಈ ವಾದ್ಯದಲ್ಲಿ ಜೋರಾಗಿ ಊದಿದರೆ ಮೊದಲು ಶ್ರುತಿ ಏರುತ್ತದೆ, ಇನ್ನೂ ಊದಿದರೆ ಸ್ವರವೇ ಮೇಲಿನ ಸ್ಥಾಯಿಗೆ ಹಾರಿಬಿಡುತ್ತದೆ. ಹಾಗಾಗಿ ನನ್ನ ಕೆಲಸವೆಲ್ಲ ಡಿಸ್ಟಾರ್ಷನ್ (ಸದ್ದನ್ನು ಒಡೆದು ಒರಟು ಮಾಡುವುದು) ಹಾಕಿದ ಗಿಟಾರುಗಳ ನಡುವೆ ಖಾಲಿ ಜಾಗ ಹುಡುಕುವುದೇ ಆಗಿದೆ.

ಇದು ನಮ್ಮ ಆವಿಷ್ಕಾರವೇನಲ್ಲ. ಐರಿಷ್ ಜಾನಪದ ಮತ್ತು ರಾಕ್ ಅನ್ನು ಬೆರೆಸುವ ಕೆಲಸವನ್ನು ಡಬ್ಲಿನ್‌ನ ಹಾರ್ಸ್‌ಲಿಪ್ಸ್ 1970ರ ದಶಕದಲ್ಲೇ ಮಾಡಿತ್ತು. ಲಂಡನ್ನಿನ ದಿ ಪೋಗ್ಸ್ ತಂಡದ ಸ್ಪೈಡರ್ ಸ್ಟೇಸಿ ವಿಸಲ್ ಅನ್ನು ಪಂಕ್‌ಗೆ ತಂದರು. 1992ರಲ್ಲಿ ಡಬ್ಲಿನ್‌ನಲ್ಲಿ ಶುರುವಾದ ಕ್ರೂಅಖನ್ ಮೆಟಲ್‌ಗೆ ತಂದಿತು. ಸ್ವಿಟ್ಜರ್ಲೆಂಡಿನ ಎಲುವೇಟಿ ತಂಡದಲ್ಲಿ ಕ್ರಿಗೆಲ್ ಗ್ಲಾನ್ಸ್‌ಮನ್ ಗ್ರೌಲ್ ಮಾಡುವುದೂ (ಗಂಟಲಿನಿಂದ ಗುರುಗುಟ್ಟಿ ಹಾಡುವುದು) ಅವರೇ, ವಿಸಲ್ ಊದುವುದೂ ಅವರೇ. ನಾನು ಬಂದ ದಾರಿ ಬೇರೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಕೊಳಲು ಕಲಿತಿದ್ದೆ, ಕಾಲೇಜಿನಲ್ಲಿ ಮೆಟಲ್ ಹುಚ್ಚು ಹಿಡಿಯಿತು. ಎರಡಕ್ಕೂ ನಡುವೆ ಸೇತುವೆ ಕಟ್ಟಿದ್ದು ಈ ಆರು ತೂತಿನ ಅಗ್ಗದ ಕೊಳವೆ. ನಮ್ಮ ಡ್ರಮ್ಮರ್‌ಗೆ ಇದು ಇವತ್ತಿಗೂ ಜಾತ್ರೆಯ ಪೀಪಿ.

ಜಾಗದ ಲೆಕ್ಕ ಹೀಗಿದೆ. ಸಾಮಾನ್ಯ ಡಿ ವಿಸಲ್‌ನ (ಡಿ ಸ್ವರವೇ ಅದರ ಷಡ್ಜ) ಅತಿ ಕೆಳಗಿನ ಸ್ವರ ಸುಮಾರು 587 ಹರ್ಟ್ಜ್. ಅಲ್ಲಿಂದ ಎರಡು ಸ್ಥಾಯಿ ಮೇಲೆ ಹೋದರೆ 2,350ರ ಹತ್ತಿರ. ಗಿಟಾರ್ ಕ್ಯಾಬಿನೆಟ್ಟಿನ ಸ್ಪೀಕರು 5,000 ಹರ್ಟ್ಜ್ ಆಸುಪಾಸಿನವರೆಗೂ ಸದ್ದು ಕೊಡುವುದರಿಂದ, ಡಿಸ್ಟಾರ್ಷನ್ ಹಾಕಿದ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ನನ್ನ ಇಡೀ ವ್ಯಾಪ್ತಿಯ ಮೇಲೆ ಕೂತಿರುತ್ತದೆ. ಮೊದಲ ಸ್ಥಾಯಿ ಅದರಡಿ ಹೂತೇ ಹೋಗುತ್ತದೆ. ಎರಡನೇ ಸ್ಥಾಯಿಯಲ್ಲಿ ಗಾಳಿ ಹೆಚ್ಚು ಬೇಕು, ಸದ್ದೂ ಚೂಪಾಗುತ್ತದೆ, ಅದು ಸೀಳಿಕೊಂಡು ಬರುತ್ತದೆ. ಆದ್ದರಿಂದ ಮುಖ್ಯ ಧಾಟಿಗಳನ್ನೆಲ್ಲ ಅಲ್ಲೇ ಊದುತ್ತೇನೆ. ನಾನು ಊದುವಾಗ ಗಿಟಾರಿನವರು ಮೇಲಿನ ತಂತಿಗಳಲ್ಲಿ ಟ್ರೆಮೊಲೊ ಪಿಕಿಂಗ್ (ಒಂದೇ ಸ್ವರವನ್ನು ಬಿಡದೆ ವೇಗವಾಗಿ ಮೀಟುವುದು) ಮಾಡದೆ ಕೆಳಗಿನ, ಎರಡೇ ಸ್ವರದ ಪವರ್ ಕಾರ್ಡ್‌ಗೆ ಇಳಿಯಬೇಕು. ಇದನ್ನು ಒಪ್ಪಿಸಲು ಒಂದಷ್ಟು ಜಗಳ ಆಗಿದೆ. "ಮಗಾ, ಸೋಲೋ ನಂದಲ್ವಾ?" ಅಂತ ಗಿಟಾರಿನವನು ಈಗಲೂ ಗೊಣಗುತ್ತಾನೆ.

ಲೋ ವಿಸಲ್ ಇದಕ್ಕಿಂತ ಒಂದು ಸ್ಥಾಯಿ ಕೆಳಗೆ. ಐರಿಷ್ ಸಂಗೀತಗಾರ ಫಿನ್‌ಬಾರ್ ಫ್ಯೂರಿ ಬಳಿ ಇದ್ದ ಭಾರತದ ಬಿದಿರಿನ ವಿಸಲ್ ಪ್ರವಾಸದಲ್ಲಿ ಹಾಳಾಯಿತು. ವಾದ್ಯ ತಯಾರಕ ಬರ್ನಾರ್ಡ್ ಓವರ್ಟನ್ ಅದನ್ನು ರಿಪೇರಿ ಮಾಡಲಾಗದೆ, ಬದಲಿಗೆ ಲೋಹದಲ್ಲಿ ಇನ್ನೊಂದು ಮಾಡಲು ಹೊರಟರು. 1971ರಲ್ಲಿ ಈಗಿನ ಲೋ ವಿಸಲ್ ಹುಟ್ಟಿದ್ದು ಹಾಗೆ. ಬಿದಿರು ಇಲ್ಲಿಂದಲೇ ಹೋಗಿದ್ದು ಅಂತ ಬ್ಯಾಂಡಿನಲ್ಲಿ ಆಗಾಗ ಕೊಚ್ಚಿಕೊಳ್ಳುತ್ತೇನೆ. ಇದರ ನಾದ ಬಹಳ ಚೆಂದ, ಆದರೆ ರಿಫ್ ಓಡುವಾಗ ಒಂದಿಷ್ಟೂ ಕೇಳಿಸದು. ಕ್ಲೀನ್ (ಡಿಸ್ಟಾರ್ಷನ್ ಇಲ್ಲದ) ಗಿಟಾರ್ ಇರುವ ಇಂಟ್ರೋಗಷ್ಟೇ ಇಟ್ಟುಕೊಂಡಿದ್ದೇನೆ.

ಯಾವ ವಿಸಲ್ ತೆಗೆದುಕೊಳ್ಳಬೇಕು ಅನ್ನುವುದನ್ನು ಗಿಟಾರಿನ ಟ್ಯೂನಿಂಗ್ ತೀರ್ಮಾನಿಸುತ್ತದೆ. ಇಲ್ಲಿ ಪಾಠವಾಗಿದ್ದ ಗ್ರಹಭೇದ (ಅವೇ ಸ್ವರಗಳಲ್ಲಿ ಬೇರೊಂದನ್ನು ಷಡ್ಜ ಮಾಡಿಕೊಂಡು ಇನ್ನೊಂದು ರಾಗ ಪಡೆಯುವುದು) ನೇರವಾಗಿ ಉಪಯೋಗಕ್ಕೆ ಬಂತು. ವಿಸಲ್‌ನ ಎಲ್ಲ ತೂತು ಮುಚ್ಚಿ ಒಂದೊಂದಾಗಿ ತೆರೆದರೆ ಶಂಕರಾಭರಣ ರಾಗ. ಡಿ ವಿಸಲ್‌ನಲ್ಲಿ ರಿಷಭವನ್ನು, ಅಂದರೆ ಇ ಸ್ವರವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ. ಗಿಟಾರಿನವರು ಡೋರಿಯನ್ ಅನ್ನುವುದು ಇದನ್ನೇ. ಸ್ಟ್ಯಾಂಡರ್ಡ್ ಟ್ಯೂನಿಂಗ್‌ನ ರಿಫ್‌ಗಳು ಬಹಳಷ್ಟು ಇ ಮೇಲೆ ನಿಲ್ಲುವುದರಿಂದ ಡಿ ವಿಸಲ್ ಹಾಗೇ ಕೂರುತ್ತದೆ. ಮೈನರ್ ಸ್ವರಶ್ರೇಣಿ ಬೇಕಿದ್ದರೆ ಸಿ ಶಾರ್ಪ್ ಬದಲು ಸಿ ಹಿಡಿಯಬೇಕು: ಮೇಲಿನ ತೂತು ತೆರೆದು, ಅದರ ಕೆಳಗಿನ ಎರಡನ್ನು ಮುಚ್ಚುವುದು, ಅಂದರೆ ಅಡ್ಡ ಬೆರಳು. ಹೀಗೆ ಧೈವತ ಮಾತ್ರ ಇಳಿದರೆ ನಠಭೈರವಿ.

ಇದರಲ್ಲಿ ಒಂದು ಸುಖ ಇದೆ. ಪವರ್ ಕಾರ್ಡ್‌ನಲ್ಲಿ ಗಾಂಧಾರವೇ ಇರುವುದಿಲ್ಲ, ಬರೀ ಷಡ್ಜ ಪಂಚಮ. ಹಿಂದೆ ತಂಬೂರಿ ಮೀಟಿದ ಹಾಗೆ, ಅದೂ ಭಯಂಕರ ವಾಲ್ಯೂಮಿನಲ್ಲಿ. ಹಾಡು ಮಂಕಾಗಬೇಕೋ ಬೆಳಕಾಗಬೇಕೋ ಅನ್ನುವುದನ್ನು ವಿಸಲ್ ಹಿಡಿಯುವ ಗಾಂಧಾರ, ಧೈವತಗಳು ಹೇಳುತ್ತವೆ. ಒಂದೇ ರಿಫ್ ಮೇಲೆ ಮೊದಲ ಸುತ್ತು ಖರಹರಪ್ರಿಯ, ಎರಡನೇ ಸುತ್ತು ನಠಭೈರವಿ ಊದಿದರೆ ಗಿಟಾರಿನವರು ಒಂದು ಬೆರಳೂ ಬದಲಿಸದೆ ಹಾಡಿನ ಬಣ್ಣ ಬದಲಾಗುತ್ತದೆ.

ತೊಂದರೆ ಬರುವುದು ಶುದ್ಧ ರಿಷಭದ (ಷಡ್ಜಕ್ಕಿಂತ ಅರ್ಧ ಸ್ವರ ಮಾತ್ರ ಮೇಲಿನದು) ರಿಫ್‌ನಲ್ಲಿ. ಮೆಟಲ್‌ಗೆ ಇ ಇಂದ ಎಫ್‌ಗೆ ಜಾರುವುದೆಂದರೆ ಪ್ರಾಣ. ಡಿ ವಿಸಲ್‌ನಲ್ಲಿ ಎಫ್ ಬೇಕೆಂದರೆ ಮೇಲಿನಿಂದ ಐದನೇ ತೂತನ್ನು ಅರ್ಧ ಮುಚ್ಚಬೇಕು. ನಿಧಾನದ ಧಾಟಿಗೆ ಸರಿ, ವೇಗಕ್ಕೆ ನಡೆಯದು. ಅಲ್ಲಿ ಸಿ ವಿಸಲ್ ತೆಗೆದು ಗಾಂಧಾರದಿಂದ ಶುರು ಮಾಡಿದರೆ ಪೂರ್ತಿ ಹನುಮತೋಡಿ ಸಿಗುತ್ತದೆ, ಅರ್ಧ ತೂತಿನ ಕಸರತ್ತೇ ಬೇಡ. ಡ್ರಾಪ್ ಸಿ (ಗಿಟಾರಿನ ಕೆಳಗಿನ ತಂತಿಯನ್ನು ಸಿಗೆ ಇಳಿಸಿದ) ಹಾಡುಗಳಿಗೆ ಬಿ ಫ್ಲ್ಯಾಟ್ ವಿಸಲ್, ಅದರ ಎರಡನೇ ಸ್ವರ ನನ್ನ ಷಡ್ಜ.

ಗಮಕದ ವಿಷಯದಲ್ಲಿ ಕೊಳಲಿನ ಚಾಳಿ ಬಹಳಷ್ಟು ಬಿಡಬೇಕಾಯಿತು. ಕೊಳಲಿನಲ್ಲಿ ತುಟಿ ತಿರುಗಿಸಿ ಶ್ರುತಿ ಸರಿಮಾಡಿಕೊಳ್ಳಬಹುದು. ಇಲ್ಲಿ ತುಟಿಗೆ ಕೆಲಸವೇ ಇಲ್ಲ, ಉಸಿರು ಮತ್ತು ಬೆರಳು ಮಾತ್ರ. ಜಾರು ಚೆನ್ನಾಗಿ ಬರುತ್ತದೆ, ಆಂದೋಲನ (ಸ್ವರವನ್ನು ತೂಗಾಡಿಸುವುದು) ಗಿಟಾರಿನ ಗದ್ದಲದಲ್ಲಿ ಅಪಶ್ರುತಿಯಾಗಿಯೇ ಕೇಳುತ್ತದೆ. ಐರಿಷ್‌ನವರ ಕಟ್, ಟ್ಯಾಪ್ ಇಲ್ಲಿ ಹೆಚ್ಚು ಉಪಯೋಗ. ಮೇಲಿನ ಬೆರಳು ಕ್ಷಣ ಎತ್ತಿ ಇಳಿಸುವುದು ಕಟ್, ಕೆಳಗಿನ ತೂತಿಗೆ ಪಟ್ಟನೆ ತಟ್ಟುವುದು ಟ್ಯಾಪ್. ತುತ್ತುಕಾರ (ನಾಲಿಗೆಯಿಂದ ತು ತು ಎಂದು ಸ್ವರ ಬಿಡಿಸುವುದು) ಮಾತ್ರ ಕೊಳಲಿನಿಂದ ಹಾಗೇ ಬಂತು. 180 ಬಿಪಿಎಂನಲ್ಲಿ (ನಿಮಿಷಕ್ಕೆ 180 ಬೀಟ್) ಬೀಟಿಗೆ ನಾಲ್ಕರಂತೆ ಡಬಲ್ ಬಾಸ್ ಡ್ರಮ್ ಸೆಕೆಂಡಿಗೆ 12 ಪೆಟ್ಟು ಹೊಡೆಯುತ್ತದೆ. ಅದರ ಜೊತೆ ಓಡಬೇಡಿ. ಕೆಳಗೆ ಡ್ರಮ್ಸ್ ಸಿಡಿಯುತ್ತಿರುವಾಗ ಮೇಲೆ ಉದ್ದದ ಸ್ವರ ಎಳೆದರೇ ವಿಸಲ್ ದೊಡ್ಡದಾಗಿ ಕೇಳುವುದು.

ಹೊಸ ಅಗ್ಗದ ವಿಸಲ್ ತಂದರೆ ಮೊದಲು ಅದರ ತಲೆ ಬಿಚ್ಚುತ್ತೇನೆ. ಕಂಪನಿಯವರು ಗೋಂದು ಹಾಕಿ ಅಂಟಿಸಿರುತ್ತಾರೆ. ಪ್ಲಾಸ್ಟಿಕ್ ಮೂತಿಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬಟ್ಟೆ ಸುತ್ತಿ ತಿರುಗಿಸಿದರೆ ಕಿರ್ ಅಂತ ಬಿಟ್ಟುಕೊಳ್ಳುತ್ತದೆ. ಆಮೇಲೆ ತಲೆಯನ್ನು ಹಿಂದೆ ಮುಂದೆ ಸರಿಸಿ ಶ್ರುತಿ ಸೇರಿಸಬಹುದು. ಗಾಳಿ ಹೋಗುವ ಸಂದಿಯ ಕೆಳಗೆ ಒಂದು ಟೊಳ್ಳು ಇರುತ್ತದೆ, ಅದಕ್ಕೆ ಪೋಸ್ಟರ್ ಅಂಟಿಸುವ ಮೆತ್ತನೆಯ ಗಮ್ ತುಂಬಿ ಸಮ ಮಾಡಿದರೆ ಮೇಲಿನ ಸ್ವರಗಳ ಒರಟು ಕಡಿಮೆಯಾಗುತ್ತದೆ. ಶ್ರುತಿ ಉಷ್ಣಾಂಶದ ಜೊತೆಯೂ ಸರಿಯುತ್ತದೆ: ಒಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಸುಮಾರು 3 ಸೆಂಟ್ (ಅರ್ಧ ಸ್ವರದ ನೂರನೇ ಪಾಲು ಒಂದು ಸೆಂಟ್) ಇಳಿತ. ಎಸಿ ಹಾಕಿದ ಜ್ಯಾಮ್ ರೂಮಿನಲ್ಲಿ ಜೇಬಿನೊಳಗೆ ಬೆಚ್ಚಗಿಟ್ಟುಕೊಳ್ಳದಿದ್ದರೆ ಮೊದಲ ಹಾಡೇ ಬಾಡಿರುತ್ತದೆ. ಉಗುಳಿನ ತೇವ ಸಂದಿಯಲ್ಲಿ ಕಟ್ಟಿದರೆ ಒಮ್ಮೆ ಜೋರಾಗಿ ಒಳಗೆ ಎಳೆದುಕೊಳ್ಳಿ, ನೋಡಲು ಚೆನ್ನಾಗಿರಲ್ಲ ಅಷ್ಟೇ.

ಮೈಕಿನ ವಿಷಯ ಕಾರ್ಯಕ್ರಮದ ದಿನವೇ ಗೊತ್ತಾಗುವುದು. ಸೌಂಡಿನವರು ಮೈಕನ್ನು ಕೊಳವೆಯ ತುದಿಗೆ ಇಡಲು ಬರುತ್ತಾರೆ. ಆದರೆ ಸದ್ದು ಹೆಚ್ಚಾಗಿ ಬರುವುದು ಬಾಯಿಯ ಹತ್ತಿರದ ಕಿಂಡಿಯಿಂದ ಮತ್ತು ತೆರೆದ ತೂತುಗಳಿಂದ. ನಾನು ಸಾದಾ ಎಸ್ಎಂ57 ಮೈಕನ್ನು ಕಿಂಡಿಯಿಂದ ಎರಡು ಮೂರು ಇಂಚು ದೂರ, ಪಕ್ಕದಿಂದ ಓರೆಯಾಗಿ ಇಡಿಸಿಕೊಳ್ಳುತ್ತೇನೆ. ಲೋ ವಿಸಲ್ ಊದುವಾಗ ಬಿಟ್ಟು, 400 ಹರ್ಟ್ಜ್ ಕೆಳಗೆ ಕತ್ತರಿಸಲು ಹೇಳುತ್ತೇನೆ, ಅಲ್ಲಿ ನನ್ನ ಸ್ವರವೇ ಇಲ್ಲ, ಡ್ರಮ್ಸ್ ಮಾತ್ರ ನುಗ್ಗುವುದು. 3,000ದ ಸುತ್ತ ಸ್ವಲ್ಪ ಇಳಿಸಿದರೆ ಕಿವಿ ಕೊರೆಯುವುದಿಲ್ಲ. ಮನೆಯಲ್ಲಿ ಅಭ್ಯಾಸಕ್ಕೂ ಇಯರ್ ಪ್ಲಗ್ ಹಾಕಿ. ಮೇಲಿನ ಡಿ ಕಿವಿಯಿಂದ ಅಡಿ ದೂರದಲ್ಲೇ ಕಿರುಚುತ್ತಿರುತ್ತದೆ.

ಇನ್ನೊಂದು, ಸ್ಟೇಜಿನ ಫ್ಯಾನ್. ಕಿಂಡಿಗೆ ಅಡ್ಡಲಾಗಿ ಗಾಳಿ ಬಡಿದರೆ ಸ್ವರ ಹುಟ್ಟುವುದೇ ಇಲ್ಲ, ಬರೀ ಉಸ್ ಅನ್ನುತ್ತದೆ. ಬಯಲು ಕಾರ್ಯಕ್ರಮವೊಂದರಲ್ಲಿ ಗಾಯಕನಿಗೆಂದು ಇಟ್ಟಿದ್ದ ದೊಡ್ಡ ಫ್ಯಾನ್ ನನ್ನ ಇಡೀ ಇಂಟ್ರೋ ನುಂಗಿತು. "ಗುರು, ಪೀಪಿ ಬರ್ತಾನೇ ಇಲ್ಲ!" ಅಂತ ಡ್ರಮ್ಮರ್ ಹಿಂದಿನಿಂದ ಕೂಗುತ್ತಿದ್ದ. ಈಗ ಸೌಂಡ್‌ಚೆಕ್‌ನಲ್ಲಿ ಮೊದಲು ಫ್ಯಾನ್ ತಿರುಗಿಸುತ್ತೇನೆ, ಆಮೇಲೆ ಮೈಕ್.

ಈಚೆಗೆ ಗಿಟಾರಿನವನು ಏಳು ತಂತಿಯದು ತಂದಿದ್ದಾನೆ, ಕೆಳಗಿನ ತಂತಿ ಬಿ. ಹೊಸ ವಿಸಲ್‌ಗೆ ಖರ್ಚು ಬಂತು ಅಂದುಕೊಂಡೆ. ಬರಲಿಲ್ಲ: ಡಿ ವಿಸಲ್‌ನ ಧೈವತವೇ ಬಿ, ಅಲ್ಲಿಂದ ಹಿಡಿದರೆ ನಠಭೈರವಿ ಪೂರ್ತಿ ಇದೆ, ಅಡ್ಡ ಬೆರಳೂ ಬೇಡ.