ರಾಕ್ ಸಂಗೀತದ ಕನಸು ಹೊತ್ತ ಮಗನಿಗೆ ಆಸರೆಯಾಗುವುದು

ಎಸ್ಸೆಸ್ಸೆಲ್ಸಿ ಮುಗಿದೊಡನೆ ವಿಜ್ಞಾನ, ಆಮೇಲೆ ಎಂಜಿನಿಯರಿಂಗ್ ಅಥವಾ ಮೆಡಿಕಲ್ ಎಂಬ ಮಾತೇ ಎಲ್ಲರ ಬಾಯಲ್ಲಿರುವ ದಾವಣಗೆರೆಯಲ್ಲಿ, ಮಗ ರಾಕ್ ಬ್ಯಾಂಡ್ ಕಟ್ಟುತ್ತೇನೆಂದರೆ ಹೆತ್ತವರಿಗೆ ಗಾಬರಿಯಾಗುವುದು ಸಹಜ. ಬೇಡವೆನ್ನುವ ಮೊದಲು ಅವನು ನುಡಿಸುವುದನ್ನು ಕುಳಿತು ಕೇಳಿ.

ದುಬಾರಿ ಎಲೆಕ್ಟ್ರಿಕ್ ಗಿಟಾರಿಗೆ ಅವಸರ ಬೇಡ. ಆರಂಭಕ್ಕೆ ಸಾಧಾರಣ ಅಕೌಸ್ಟಿಕ್ ಗಿಟಾರ್ ಸಾಕು. ಮೊದಲ ವಾರಗಳಲ್ಲಿ ಉಕ್ಕಿನ ತಂತಿ ಒತ್ತಿ ಬೆರಳ ತುದಿಗಳು ಕೆಂಪಾಗಿ ಉರಿಯುತ್ತವೆ. ಅಲ್ಲಿ ಚರ್ಮ ಗಟ್ಟಿಯಾಗುವವರೆಗೂ ಅವನು ಪಟ್ಟು ಬಿಡದೆ ಕುಳಿತರೆ, ಆ ಆಸೆಯನ್ನು ಗೌರವಿಸಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಹೆಚ್ಚಿನ ಎಚ್ಚರ ಬೇಕಾದದ್ದು ಕಿವಿಯ ವಿಷಯದಲ್ಲಿ. 85 ಡೆಸಿಬಲ್ ಸದ್ದಿಗೆ ದಿನಕ್ಕೆ 8 ಗಂಟೆಯ ಮಿತಿಯಿದ್ದು, ಪ್ರತಿ 3 ಡೆಸಿಬಲ್ ಏರಿದಂತೆ ಆ ಅವಧಿ ಅರ್ಧಕ್ಕಿಳಿಯುವುದರಿಂದ, ಡ್ರಮ್ಸ್ ಸುಲಭವಾಗಿ ಮುಟ್ಟುವ 100 ಡೆಸಿಬಲ್‌ನಲ್ಲಿ ಉಳಿಯುವುದು 15 ನಿಮಿಷ ಮಾತ್ರ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಇಯರ್‌ಪ್ಲಗ್ ಕೊಡಿಸಿ. ಮನೆಯಲ್ಲಿ ಡ್ರಮ್ಸ್ ಅಭ್ಯಾಸಕ್ಕೆ ಅದರ ಬದಲು ಬಡಿಯುವ ರಬ್ಬರ್ ಪ್ಯಾಡ್ ಇರಲಿ, ಅಕ್ಕಪಕ್ಕದವರ ನಿದ್ದೆಯೂ ಉಳಿಯುತ್ತದೆ.

ಟ್ರಿನಿಟಿ ಕಾಲೇಜ್ ಲಂಡನ್ ನಡೆಸುವ ರಾಕ್ ಮತ್ತು ಪಾಪ್ ಪರೀಕ್ಷೆಗಳು 8ನೇ ಗ್ರೇಡ್‌ವರೆಗೆ ಇವೆ. ಕಲಿಕೆಗೆ ಒಂದು ಕ್ರಮ ಸಿಗುತ್ತದೆ. ಪಿಯುಸಿಯನ್ನು ಬಿಡಿಸದೆ, ಓದಿನ ಮತ್ತು ಅಭ್ಯಾಸದ ವೇಳೆಯನ್ನು ಅವನೊಂದಿಗೇ ಕುಳಿತು ನಿಗದಿಪಡಿಸಿ.