ಮೈಕ್‌ನ ಆ ಕಡೆ ಚಿಕ್ಕ ಹುಡುಗ ಇದ್ದರೆ

ನಾನು ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬೆಳಗ್ಗೆಯೆಲ್ಲ ಹರಾಜಿನ ಕೂಗಿನ ನಡುವೆ 15 ಕೆಜಿ ಬಾಕ್ಸ್‌ಗಳ ಲೆಕ್ಕ. ಸಂಜೆ ಕೆಲಸ ಮುಗಿದ ಮೇಲೆ ಒಂದೂವರೆ ಗಂಟೆ ಬಿಜಿಎಂಐ, ಅಂದರೆ ತಂಡ ಕಟ್ಟಿಕೊಂಡು ಮೈಕ್‌ನಲ್ಲಿ ಮಾತಾಡುತ್ತಾ ಫೋನಿನಲ್ಲಿ ಆಡುವ ಗನ್ ಕಾಳಗದ ಆಟ. 2021ರಲ್ಲಿ ಆಟ ಬಂದಾಗಿನಿಂದ ಆಡುತ್ತಿದ್ದೇನೆ.

ಮಂಡಿಯಲ್ಲಿ ಜೋರಾಗಿ ಮಾತಾಡದಿದ್ದರೆ ಕೆಲಸ ಆಗುವುದಿಲ್ಲ. ಅದೇ ಗಂಟಲನ್ನು ಆಟಕ್ಕೂ ತಂದಿದ್ದೆ. ಒಂದು ಸಂಜೆ ಗುರುತಿಲ್ಲದವರ ಸ್ಕ್ವಾಡ್‌ನಲ್ಲಿ, ಅಂದರೆ ನಾಲ್ವರ ತಂಡದಲ್ಲಿ, ಆಡುವಾಗ ಗುಂಡು ತಿಂದು ನಾಕ್ ಆಗಿ ಬಿದ್ದಿದ್ದೆ. ನಮ್ಮ ನಾಲ್ಕನೆಯವನು ಹತ್ತು ಹೆಜ್ಜೆ ದೂರದಲ್ಲಿ ಗೋಡೆ ಪಕ್ಕ ಕಂಬದ ಹಾಗೆ ನಿಂತಿದ್ದ. ರಿವೈವ್ ಮಾಡೋ, ಎಬ್ಬಿಸೋ ಎಂದು ಕೂಗಿದೆ. ಅಲ್ಲಾಡಲಿಲ್ಲ. ಬಾಯಿಗೆ ಬಂದಂತೆ ಬೈದೆ. ಆಮೇಲೆ ಒಂದು ಸಣ್ಣ ದನಿ ಕೇಳಿಸಿತು: "ಅಣ್ಣಾ, ಇದು ನಮ್ಮಪ್ಪನ ಫೋನು. ಕಾಲ್ ಬಂದಿತ್ತು. ಬೈಬೇಡಿ ಅಣ್ಣಾ."

ಒಂಬತ್ತೋ ಹತ್ತೋ ವರ್ಷದ ಹುಡುಗ ಇರಬೇಕು. ಅಪ್ಪ ಫೋನ್ ವಾಪಸ್ ಕೊಟ್ಟ ಕೂಡಲೇ ಅವನ ಕಿವಿಗೆ ಬಿದ್ದಿದ್ದು ನನ್ನ ಬೈಗುಳ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆಮೇಲೆ ನಾನು ಏನೇನು ಬದಲಾಯಿಸಿಕೊಂಡೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗುರುತು ಹಿಡಿಯುವುದು

ಪ್ರೊಫೈಲ್ ಹೆಸರು ನೋಡಿದರೆ ಆ ಕಡೆ ಇರುವುದು ಮಗುವೋ ಅಲ್ಲವೋ ಗೊತ್ತಾಗುವುದಿಲ್ಲ. ಕಿವಿಗೆ ಕೆಲಸ ಕೊಡಿ. ಮಗುವಾದರೆ ಮೈಕ್ ಸದಾ ಆನ್ ಇರುತ್ತದೆ. ಹಿಂದೆ ಟಿವಿ, ಕುಕ್ಕರ್ ಸೀಟಿ, ಊಟಕ್ಕೆ ಕರೆಯುವ ಅಮ್ಮ. ಆಟದಲ್ಲಿ ನೀವು ಎಲ್ಲಿ ಹೋದರೂ ಹಿಂದೆಯೇ ಓಡಿ ಬರುತ್ತಾನೆ. ನಡುನಡುವೆ ಸುಮ್ನೆ ನಿಂತುಬಿಡುತ್ತಾನೆ. ಏಪ್ರಿಲ್, ಮೇ ರಜೆಯಲ್ಲಿ ಇಂಥ ದನಿಗಳು ಜಾಸ್ತಿ.

ಹದಿನೆಂಟು ತುಂಬದವರು ಆಡಬೇಕೆಂದರೆ ಮನೆಯವರ ಒಪ್ಪಿಗೆ ಬೇಕು, ದಿನಕ್ಕೆ ಮೂರು ಗಂಟೆಯ ಮಿತಿಯೂ ಇದೆ. ಆದರೆ ಅಪ್ಪನ ಅಕೌಂಟ್‌ನಲ್ಲಿ ಆಡುವ ಮಗುವನ್ನು ಆಟ ದೊಡ್ಡವರೆಂದೇ ತಿಳಿಯುತ್ತದೆ. ಅದು ಮಗು ಅಂತ ಗೊತ್ತಾಗುವುದು ದನಿ ಕೇಳಿದ ನಮಗೆ ಮಾತ್ರ. ಹಾಗಾಗಿ ಜವಾಬ್ದಾರಿಯೂ ನಮ್ಮದೇ. ವಯಸ್ಸು ಕೇಳಲು ಹೋಗಬೇಡಿ. ಅನುಮಾನ ಬಂದರೆ ಸಾಕು, ಮಗು ಅಂತಲೇ ಮಾತಾಡಿಸಿ. ದೊಡ್ಡವನೇ ಆಗಿದ್ದರೂ ಮರ್ಯಾದೆಯಿಂದ ಮಾತಾಡಿದ್ದಕ್ಕೆ ಯಾರೂ ಬೇಜಾರಾಗುವುದಿಲ್ಲ.

ಜೊತೆಯಲ್ಲಿ ಆಡುವುದು

ಆಟ ಶುರುವಾಗುವುದು ವಿಮಾನದಿಂದ ಹಾರಿ ಇಳಿಯುವುದರಿಂದ. ಚಿಕ್ಕವರು ಇದ್ದರೆ ಎಲ್ಲರೂ ಮುಗಿಬೀಳುವ ಪೊಚಿಂಕಿ ಊರಿಗೆ ಇಳಿಯಬೇಡಿ. ಆಟದ ಎರಾಂಗೆಲ್ ಮ್ಯಾಪ್ ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲ ಇದೆ. ಅಂಚಿನಲ್ಲಿ ನಾಲ್ಕು ಮನೆ ಇರುವ ಜಾಗ ಹುಡುಕಿ. ವಿಮಾನದಲ್ಲಿದ್ದಾಗಲೇ ನನ್ನನ್ನು ಫಾಲೋ ಮಾಡು ಎಂದು ಹೇಳಿ. ಮೊದಲ ಮನೆಯಲ್ಲಿ ಸಿಗುವ ಲೂಟ್, ಅಂದರೆ ಗನ್ನು ಸಾಮಾನೆಲ್ಲ, ಅವನಿಗೆ ಬಿಟ್ಟುಕೊಡಿ. ಇಳಿದ ಎರಡೇ ನಿಮಿಷಕ್ಕೆ ಸತ್ತು ಲಾಬಿಗೆ ವಾಪಸ್ ಹೋದರೆ ಮಗು ಏನು ಕಲಿಯುತ್ತದೆ, ಹೇಳಿ.

ಎಕೆಎಂ ಸಿಕ್ಕರೆ ಮಕ್ಕಳು ಬಿಡುವುದಿಲ್ಲ. ಅದು ದೊಡ್ಡ ಗನ್ ಎಂಬ ಆಸೆ. ಒತ್ತಿ ಹಿಡಿದರೆ ಅದು ಮೇಲಕ್ಕೆ ಎಗರುತ್ತದೆ, ಗುಂಡೆಲ್ಲ ಆಕಾಶಕ್ಕೆ. ಕಿತ್ತುಕೊಳ್ಳುವ ಹಾಗೆ ಮಾತಾಡಬೇಡಿ. ಒಂದು ಯುಎಂಪಿ ಗನ್ ಅವನ ಮುಂದೆ ಹಾಕಿ, "ಇದನ್ನೂ ಇಟ್ಕೋ, ಹತ್ತಿರ ಬಂದರೆ ಇದರಲ್ಲಿ ಹೊಡಿ" ಎನ್ನಿ. ಅದು ಹೆಚ್ಚು ಅಲುಗಾಡುವುದಿಲ್ಲ. ಅವನ ಮೊದಲ ಕಿಲ್ ಅದರಲ್ಲೇ ಬರಬಹುದು.

ಒಂದು ಸಲಕ್ಕೆ ಒಂದೇ ಮಾತು ಹೇಳಿ. "ಮರದ ಹಿಂದೆ ಕೂತ್ಕೋ." ಅವನು ಕೂತ ಮೇಲೆ ಮುಂದಿನದು. ಮೂರು ಜನ ಮೂರು ದಿಕ್ಕು ಕೂಗಿದರೆ ದೊಡ್ಡವರಿಗೇ ತಲೆ ಕೆಡುತ್ತದೆ. ಎಡ, ಬಲ ಅನ್ನುವ ಬದಲು ಮ್ಯಾಪ್ ಮೇಲೆ ಮಾರ್ಕ್ ಹಾಕಿ.

ಅವನು ನಾಕ್ ಆದಾಗ ಏನು ಮಾಡುತ್ತೀರಿ ಎಂಬುದು ಎಲ್ಲಕ್ಕಿಂತ ಮುಖ್ಯ. ಮೊದಲು ಹೊಗೆ ಬಾಂಬ್ ಹಾಕಿ, ಆಮೇಲೆ ಹತ್ತಿರ ಹೋಗಿ. ರಿವೈವ್‌ಗೆ ಹತ್ತು ಸೆಕೆಂಡು ಬೇಕು. ಆ ಹತ್ತು ಸೆಕೆಂಡು ಅವನು ನಿಮ್ಮ ಮಾತು ಕೇಳುವುದು ಬಿಟ್ಟು ಬೇರೇನೂ ಮಾಡುವ ಹಾಗಿಲ್ಲ. ನಾನು ಆಗ ಹೇಳುವುದು ಇಷ್ಟೇ: "ಪರವಾಗಿಲ್ಲ, ನಾನೂ ಅಲ್ಲೇ ಬಿದ್ದಿದ್ದೇನೆ. ನೀನು ಕಿಟಕಿ ಮುಂದೆ ನಿಂತಿದ್ದೆ ನೋಡು, ಅದಕ್ಕೆ ಕಂಡಿದ್ದು. ಈಗ ಗೋಡೆ ಹಿಂದೆ ಹೋಗಿ ಬ್ಯಾಂಡೇಜ್ ಹಾಕ್ಕೋ." ಹೀಗೆ ಹೇಳಿಸಿಕೊಂಡ ಮಕ್ಕಳು ಆ ಮ್ಯಾಚ್‌ನಲ್ಲಿ ಮತ್ತೆ ಕಿಟಕಿ ಮುಂದೆ ನಿಂತಿದ್ದನ್ನು ನಾನು ಕಂಡಿದ್ದು ಕಡಿಮೆ. ಬೈದರೆ ಬೈಗುಳ ನೆನಪಿರುತ್ತದೆಯೇ ಹೊರತು ಕಿಟಕಿ ನೆನಪಿರುವುದಿಲ್ಲ.

ಇನ್ನು ಭಾಷೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಗಾಬರಿಯಾದಾಗ ಮಗುವಿನ ಬಾಯಲ್ಲಿ ಮನೆಮಾತೇ ಬರುವುದು. "ಅನ್ನಾ, ಇಕ್ಕಡ ಉನ್ನಾರು" ಅಂದರೆ ಶತ್ರು ಹತ್ತಿರ ಇದ್ದಾನೆ ಅಂತ ಅರ್ಥ. ಒಂದು ಸಲ ನಮ್ಮ ಸ್ಕ್ವಾಡ್‌ನಲ್ಲಿದ್ದ ಒಬ್ಬರು ಅದನ್ನೇ ಅಣಕಿಸಿ ನಕ್ಕರು. ಹುಡುಗ ಮೈಕ್ ಆಫ್ ಮಾಡಿದವನು ಕೊನೆವರೆಗೂ ಮಾತಾಡಲಿಲ್ಲ. ನನಗೆ ಅದು ಇವತ್ತಿಗೂ ನೋವು. ಅರ್ಥವಾಗದಿದ್ದರೆ ಮಾರ್ಕ್ ಹಾಕು ಎಂದರೆ ಆಯ್ತು, ಅಲ್ವಾ?

ಬೇರೆಯವರು ಬೈದರೆ

ಸುಮ್ಮನಿರಬೇಡಿ. ದೊಡ್ಡವರು ಸುಮ್ಮನಿದ್ದರೆ ಬೈದಿದ್ದು ಸರಿ ಅಂತ ಮಗು ತಿಳಿದುಕೊಳ್ಳುತ್ತದೆ. "ಚಿಕ್ಕ ಹುಡುಗ ಕಣ್ರೀ, ಬಿಡಿ" ಎಂದು ಒಂದೇ ಮಾತು ಹೇಳಿ. ಜಗಳಕ್ಕೆ ಇಳಿಯಬೇಡಿ, ಆ ಮಾತೂ ಮಗುವಿನ ಕಿವಿಗೇ ಬೀಳುತ್ತದೆ. ನಿಲ್ಲಿಸದಿದ್ದರೆ ಅವರನ್ನು ಮ್ಯೂಟ್ ಮಾಡುವುದು ಹೇಗೆಂದು ಮಗುವಿಗೆ ಹೇಳಿಕೊಡಿ. ಮ್ಯಾಚ್ ಮುಗಿದ ಮೇಲೆ ರಿಪೋರ್ಟ್ ಮಾಡಿ.

ಯಾರಾದರೂ ಮಗುವಿನ ಫೋನ್ ನಂಬರ್, ಫೋಟೋ, ಶಾಲೆ, ಮನೆ ಎಲ್ಲಿ ಎಂದು ಕೇಳಲು ಶುರು ಮಾಡಿದರೆ ಅದು ಬೇರೆ ವಿಷಯ. ಆಟ ಬಿಟ್ಟು ಅಮ್ಮನಿಗೋ ಅಪ್ಪನಿಗೋ ಈಗಲೇ ಹೇಳು ಎಂದು ಸ್ಪಷ್ಟವಾಗಿ ಹೇಳಿ. ಮಕ್ಕಳ ಸಹಾಯವಾಣಿ 1098 ಎಂಬುದನ್ನೂ ತಿಳಿಸಿ. ದುಡ್ಡು ಹೋಗಿದ್ದರೆ ಮನೆಯವರು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಇದೇ ನಿಯಮ ನಮಗೂ ಇದೆ. ನಾವು ಎಷ್ಟೇ ಒಳ್ಳೆಯವರಾದರೂ ಆ ಮನೆಯವರಿಗೆ ನಾವು ಯಾರೋ. ನಮ್ಮ ಪ್ರೀತಿ ಎಲ್ಲರಿಗೂ ಕೇಳಿಸುವ ಸ್ಕ್ವಾಡ್ ಮೈಕ್‌ನಲ್ಲೇ ಇರಲಿ. ಬೇರೆ ಚಾಟ್‌ಗೆ ಕರೆಯಬೇಡಿ, ನಂಬರ್ ಕೊಡಬೇಡಿ. ಯೂಸಿ (ಆಟದೊಳಗಿನ ದುಡ್ಡು), ಸ್ಕಿನ್ (ಗನ್ನಿಗೆ, ಆಟಗಾರನಿಗೆ ಹಾಕುವ ಅಲಂಕಾರ) ಕೊಡಿಸಿ ಎಂದು ಮಕ್ಕಳು ಕೇಳುತ್ತಾರೆ. ಮನಸ್ಸು ಕರಗಿದರೂ ಕೊಡಬೇಡಿ. ಇವತ್ತು ನಿಮ್ಮಿಂದ ತೆಗೆದುಕೊಂಡ ಮಗು ನಾಳೆ ಇನ್ಯಾರೋ ಕೊಟ್ಟರೂ ಕೈ ಚಾಚುತ್ತದೆ. "ಅಪ್ಪನ್ನ ಕೇಳು ಪುಟ್ಟಾ" ಎಂದರೆ ಸಾಕು. ಪಾಸ್‌ವರ್ಡ್ ಹೇಳಲು ಬಂದರೆ ಮಾತು ಮುಗಿಸುವ ಮೊದಲೇ ತಡೆಯಿರಿ.

ಮನೆಯ ಮಕ್ಕಳ ಜೊತೆ ಆಡುವಾಗ ಇನ್ನೊಂದು ತಪ್ಪು ಆಗುತ್ತದೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗನ ಜೊತೆ ಫೋನಿನಲ್ಲಿ ಚೆಸ್ ಆಡುತ್ತಾ ಬೇಕೆಂದೇ ಸೋತೆ. "ಮಾಮಾ, ಬೇಕೂಂತ ಬಿಟ್ಟೆ ಅಲ್ವಾ" ಎಂದವನ ಮುಖ ಸಪ್ಪಗಾಯಿತು. ಈಗ ಆಟಕ್ಕೆ ಮೊದಲೇ ಅವನಿಗೆ ಗೊತ್ತಿರುವ ಹಾಗೆ ನನ್ನ ರಾಣಿಯನ್ನು ತೆಗೆದಿಟ್ಟು ಆಡುತ್ತೇನೆ. ಗೆದ್ದಾಗ ಅವನು ಅಂಗಳವೆಲ್ಲ ಓಡುತ್ತಾನೆ.

ಮಗು ಹೊರಡುವಾಗ

"ಅಣ್ಣಾ, ಅಮ್ಮ ಕರೀತಿದ್ದಾರೆ" ಎಂದರೆ ಇನ್ನೊಂದೇ ಮ್ಯಾಚ್ ಎಂದು ತಡೆಯಬೇಡಿ. ಟಾಪ್ ಟೆನ್‌ಗೆ ಬಂದಿದ್ದರೂ ಸರಿ. ಅರ್ಧದಲ್ಲಿ ಹೋದರೆ ಅಣ್ಣಂದಿರು ಬೈಯುತ್ತಾರೆ ಎಂಬ ಹೆದರಿಕೆಗೇ ಎಷ್ಟೋ ಮಕ್ಕಳು ಊಟ ಬಿಟ್ಟು ಕೂತಿರುತ್ತಾರೆ. ಅವನ ಆಟಗಾರ ಮೈದಾನದಲ್ಲಿ ನಿಂತಲ್ಲೇ ನಿಂತಿರುತ್ತಾನೆ, ಯಾರೋ ಬಂದು ಹೊಡೆಯುತ್ತಾರೆ, ಅಷ್ಟೇ ತಾನೇ. ನಾನು "ಹೋಗಪ್ಪಾ, ಊಟ ಮಾಡು, ಇಲ್ಲಿ ನಾವು ನೋಡ್ಕೋತೀವಿ" ಎನ್ನುತ್ತೇನೆ. ಸರಿ ಅಣ್ಣಾ ಎಂಬ ದನಿ ಕೇಳಿದ ಮೇಲೆ, ಉಳಿದವರು ಮೂರು ಜನ ಝೋನ್ ಕಡೆ, ಅಂದರೆ ಕಿರಿದಾಗುತ್ತಾ ಹೋಗುವ ಸುರಕ್ಷಿತ ಜಾಗದ ಕಡೆ, ಓಡುತ್ತೇವೆ.