ಗೈಡ್ ಬಿಟ್ಟು ಟೀಚರ್ ಜೊತೆ: ಗ್ವಾಟೆಮಾಲಾ ಸಿಟಿಯಲ್ಲಿ ಒಂದು ದಿನ, ನನ್ನ ಅನುಭವ

ಗ್ವಾಟೆಮಾಲಾಗೆ ಹೋಗುವವರೆಲ್ಲ ಮಾಡುವುದು ಒಂದೇ ಕೆಲಸ. ಲಾ ಅರೋರಾ ಏರ್‌ಪೋರ್ಟಿನಲ್ಲಿ ಇಳಿದ ತಕ್ಷಣ ಶಟಲ್ ಹತ್ತಿ ಸೀದಾ ಪ್ರವಾಸಿಗರ ಊರು ಆಂಟಿಗುವಾ. ರಾಜಧಾನಿಯಲ್ಲಿ ಏನಿದೆ, ಟ್ರಾಫಿಕ್ಕು, ಕಳ್ಳರು, ಕಾಂಕ್ರೀಟು ಅಂತಾರೆ. ಹ್ಯೂಸ್ಟನ್ನಿನ ನಮ್ಮ ಕನ್ನಡ ಗೆಳೆಯರದ್ದೂ ಇದೇ ಮಾತು. "ಆ ಊರಲ್ಲಿ ಒಂದು ದಿನ ಸುಮ್ನೆ ದಂಡ ಮಾಡ್ತೀಯಲ್ಲ" ಅಂತ ಬಹಳ ಜನ ಹೇಳಿದರು. ಟೂರ್ ಗೈಡ್ ಬೇಡ, ಸ್ಪ್ಯಾನಿಶ್ ಪಾಠ ಹೇಳುವ ಟೀಚರನ್ನೇ ಒಂದು ದಿನಕ್ಕೆ ಕರೆದುಕೊಂಡು ಊರು ಸುತ್ತುತ್ತೇನೆ ಅಂದಾಗಂತೂ ಯಾರೂ ನಂಬಲಿಲ್ಲ. ಆಯಿತು, ಚೆನ್ನಾಗಿಯೇ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೆ ಮುಂಚೆ ಬೇರೆ ದಾರಿಗಳೆಲ್ಲ ನೋಡಿದ್ದೆ. ಕೋಸ್ಟಾರಿಕಾದ ರಾಜಧಾನಿ ಸಾನ್ ಹೊಸೆಯಲ್ಲಿ ಟಿಪ್ಸ್ ಕೊಟ್ಟು ನಡೆಯುವ ವಾಕಿಂಗ್ ಟೂರ್. ಇಪ್ಪತ್ತೈದು ಜನರ ಗುಂಪು, ಹಿಂದೆ ನಿಂತವರಿಗೆ ಏನೂ ಕೇಳಿಸುವುದಿಲ್ಲ. ಪನಾಮಾ ಸಿಟಿಯಲ್ಲಿ ಮೇಲೆ ಕೂರುವ ಬಸ್ಸು, ಬಿಸಿಲಲ್ಲಿ ತಲೆ ಕಾಯಿತೇ ಹೊರತು ಒಬ್ಬ ಸ್ಥಳೀಯನ ಜೊತೆಯೂ ಎರಡು ಮಾತು ಆಡಲಿಲ್ಲ. ಇನ್ನೊಂದು ರಾಜಧಾನಿಯಲ್ಲಿ ಕಾರು ಸಮೇತ ಖಾಸಗಿ ಗೈಡ್. ನಾಲ್ಕು ಗಂಟೆಗೆ ಸುಮಾರು 140 ಡಾಲರ್. ಅದರಲ್ಲಿ ಒಂದು ಗಂಟೆ ಅವನಿಗೆ ಕಮಿಷನ್ ಬರುವ ಅಂಗಡಿಗಳಲ್ಲೇ ಹೋಯಿತು. ದುಡ್ಡಿಗಿಂತ ಆ ಒಂದು ಗಂಟೆಯ ಸಂಕಟ ಜಾಸ್ತಿ.

ಗ್ವಾಟೆಮಾಲಾದಲ್ಲಿ ಒಬ್ಬೊಬ್ಬರಿಗೇ ಕೂರಿಸಿ ಸ್ಪ್ಯಾನಿಶ್ ಕಲಿಸುವ ಟೀಚರುಗಳು ಬೇಕಾದಷ್ಟು ಜನ ಇದ್ದಾರೆ. ಹೆಚ್ಚಿನವರು ಆಂಟಿಗುವಾ, ಕೆಟ್ಸಾಲ್ಟೆನಾಂಗೊ ಕಡೆಯವರು. ನನಗೆ ರಾಜಧಾನಿಯಲ್ಲೇ ಹುಟ್ಟಿ ಬೆಳೆದವರು ಬೇಕಿತ್ತು. ಅಂಥವರನ್ನು ಹುಡುಕಿ ಒಂದೆರಡು ತಿಂಗಳು ಆನ್‌ಲೈನ್ ಪಾಠ ಹೇಳಿಸಿಕೊಂಡೆ, ಗಂಟೆಗೆ ಹತ್ತು ಡಾಲರ್ ಆಸುಪಾಸು. ಆಮೇಲೆ "ಒಂದು ಶನಿವಾರ ಪೂರ್ತಿ ಪಾಠ, ಆದರೆ ರಸ್ತೆಯಲ್ಲಿ, ಅದೇ ರೇಟು, ಊಟ ಓಡಾಟ ನನ್ನದು" ಅಂತ ಕೇಳಿದೆ. ಮೊದಲು ಕೇಳಿದವರು ಆಗುವುದಿಲ್ಲ ಅಂದರು. ಒಪ್ಪಿಕೊಂಡಿದ್ದ ಇನ್ನೊಬ್ಬರು ಹಿಂದಿನ ರಾತ್ರಿ ಕೈಕೊಟ್ಟರು, ಹೋಟೆಲ್ ದುಡ್ಡು, ಟಿಕೆಟ್ ಬದಲಾಯಿಸಿದ ದುಡ್ಡು ಎಲ್ಲ ಸೇರಿ ಇನ್ನೂರು ಡಾಲರ್‌ಗೆ ಕತ್ತರಿ ಬಿತ್ತು. ಮೂರನೆಯವರು ಕೈ ಹಿಡಿದರು. ರಿಟೈರ್ ಆದ ಪ್ರೈಮರಿ ಸ್ಕೂಲ್ ಟೀಚರಮ್ಮ. ಅಲ್ಲಿ ಟೀಚರಮ್ಮಂದಿರನ್ನು ಸೆನ್ಯೋ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆದೆ. ಯಾರು ಬರುತ್ತಾರೆ, ಯಾರು ಕೈಕೊಡುತ್ತಾರೆ ಅಂತ ಮೊದಲ ಪಾಠದಲ್ಲೇ ಪತ್ತೆ ಹಚ್ಚಲು ಈಗ ನನ್ನ ಹತ್ತಿರ ಒಂದು ಪ್ರಶ್ನೆ ಇದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ನನ್ನ ಷರತ್ತು ಒಂದೇ. ನೋಡುವ ಜಾಗಗಳ ಪಟ್ಟಿ ಬೇಡ, ನಿಮ್ಮ ಶನಿವಾರದ ಕೆಲಸಗಳನ್ನು ಮಾಡಿ, ನಾನು ಹಿಂದೆ ಬರುತ್ತೇನೆ. ಅವರಿಗೆ ಅವತ್ತು ಎರಡು ಕೆಲಸ ಇತ್ತು. ಕನ್ನಡಕದ ಫ್ರೇಮ್ ಸರಿ ಮಾಡಿಸುವುದು, ಪೆಪಿಯಾನ್ ಅನ್ನುವ ಅಲ್ಲಿನ ಸಾರು ಮಾಡಲು ಮೆಣಸಿನಕಾಯಿ, ಕುಂಬಳಬೀಜ ತರುವುದು. ಇಡೀ ಸೋನಾ 1, ಅಂದರೆ ಊರಿನ ಒಂದನೇ ವಲಯ, ಈ ಎರಡು ಕೆಲಸದಲ್ಲೇ ಮುಗಿಯಿತು ಅಂದರೆ ನಂಬಿ.

ಬೆಳಿಗ್ಗೆ ಎಂಟಕ್ಕೆ ಟ್ರಾನ್ಸ್‌ಮೆಟ್ರೊ ಹತ್ತಿದೆವು. 2007ರಲ್ಲಿ ಶುರುವಾದ ಹಸಿರು ಬಸ್ಸುಗಳು, ತಮ್ಮದೇ ಲೇನಿನಲ್ಲಿ ಓಡುತ್ತವೆ, ಟಿಕೆಟ್ ಒಂದೆರಡು ಕೆಟ್ಸಾಲ್. ಕೆಟ್ಸಾಲ್ ಅಲ್ಲಿನ ದುಡ್ಡು, ಡಾಲರಿಗೆ ಏಳೂವರೆಯಿಂದ ಎಂಟು ಸಿಗುತ್ತದೆ, ಲೆಕ್ಕ ಹಾಕಿಕೊಳ್ಳಿ. ಇಳಿದ ಮೇಲೆ ಸೆನ್ಯೋ ಒಂದು ಚೀಟಿ ಕೊಟ್ಟರು. 6ನೇ ಅವೆನಿಡಾ 11-40, ಸೋನಾ 1, ಹುಡುಕಿ ಅಂತ. ಅವೆನಿಡಾ ಅಂದರೆ ಉತ್ತರ ದಕ್ಷಿಣದ ರಸ್ತೆ, ಕಾಯೆ ಅಂದರೆ ಪೂರ್ವ ಪಶ್ಚಿಮದ್ದು. 11-40 ಅಂದರೆ 11ನೇ ಕಾಯೆ ದಾಟಿ ಸುಮಾರು 40 ಮೀಟರ್. ಬೆಂಗಳೂರಿನ ಮೇನು ಕ್ರಾಸು ಗೊತ್ತಿದ್ದವರಿಗೆ ಅರ್ಧ ನಿಮಿಷದಲ್ಲಿ ತಲೆಗೆ ಹೋಗುತ್ತದೆ, ನನಗೂ ಹೋಯಿತು, ಸೆನ್ಯೋ ಬೆನ್ನು ತಟ್ಟಿದರು. ಈ ವ್ಯವಸ್ಥೆ ಮಾಡಿದ್ದು ರಾಉಲ್ ಅಗಿಲಾರ್ ಬಾತ್ರೆಸ್ ಅನ್ನುವ ಎಂಜಿನಿಯರ್. ಒಂದು ಎಚ್ಚರಿಕೆ. ಅದೇ ನಂಬರಿನ ರಸ್ತೆ ಬೇರೆ ಬೇರೆ ಸೋನಾದಲ್ಲೂ ಇರುತ್ತದೆ. ಸೋನಾ ನಂಬರ್ ಹಾಕದೆ ಊಬರ್ ಕರೆದರೆ ಊರಿನ ಇನ್ನೊಂದು ಮೂಲೆಗೆ ಹೋಗುತ್ತೀರಿ.

ಸೆಕ್ಸ್ತಾ, ಅಂದರೆ ಇದೇ 6ನೇ ಅವೆನಿಡಾದಲ್ಲಿ ಈಗ ಕಾರುಗಳಿಲ್ಲ, ನಡೆಯುವವರಿಗೇ ಬಿಟ್ಟಿದ್ದಾರೆ. 2010ರವರೆಗೆ ಇಲ್ಲಿ ಫುಟ್‌ಪಾತ್ ಕಾಣದ ಹಾಗೆ ಬೀದಿ ವ್ಯಾಪಾರಿಗಳಿದ್ದರು, ಅವರನ್ನೆಲ್ಲ ಎಬ್ಬಿಸಿದರು. ಸೆನ್ಯೋಗೆ ಈ ಬಗ್ಗೆ ಎರಡು ಮನಸ್ಸು. ನಡೆಯಲು ಸುಖ ಆಯಿತು, ಆದರೆ ತಮ್ಮ ಹಳೇ ಶಿಷ್ಯರ ಅಪ್ಪ ಅಮ್ಮಂದಿರು ಎಲ್ಲಿ ಹೋದರೋ ಅಂತ ಹೇಳುತ್ತಾ ಬಂದರು. ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತು ಕೆಟ್ಸಾಲ್‌ಗೆ ಚೌಕಾಸಿ ಮಾಡಿದ್ದು ನಾನು, ಅದೂ ಪಾಠದ ಭಾಗ. ಇಳಿಸಿಯೇ ಬಿಟ್ಟೆ.

ಕನ್ನಡಕ ರೆಡಿ ಆಗಲು ಒಂದು ಗಂಟೆ ಬೇಕಿತ್ತು, ಹಾಗಾಗಿ ಪ್ಲಾಸಾಗೆ, ಅಂದರೆ ಊರ ನಡುವಿನ ಚೌಕಕ್ಕೆ ಹೋದೆವು. ಉತ್ತರಕ್ಕೆ ಹಸಿರು ಬಣ್ಣದ ರಾಷ್ಟ್ರೀಯ ಅರಮನೆ, ಸರ್ವಾಧಿಕಾರಿ ಹೊರ್ಹೆ ಉಬಿಕೊ ಕಟ್ಟಿಸಿದ್ದು, 1943ರಲ್ಲಿ ಮುಗಿಯಿತು. ಜನ ಅದನ್ನು ಗ್ವಾಕಮೊಲೋನ್ ಅಂತಾರೆ, ಬೆಣ್ಣೆಹಣ್ಣಿನ ಹಸಿರು ಗ್ವಾಕಮೊಲೆ ಚಟ್ನಿಯ ಹೆಸರು. 36 ವರ್ಷದ ಒಳಯುದ್ಧ ಮುಗಿಸಿದ ಶಾಂತಿ ಒಪ್ಪಂದಕ್ಕೆ 1996ರ ಡಿಸೆಂಬರ್ 29ರಂದು ಸಹಿ ಬಿದ್ದದ್ದು ಇಲ್ಲೇ. ಆದರೆ ಸೆನ್ಯೋ ನನ್ನನ್ನು ಅದಕ್ಕಿಂತ ಜಾಸ್ತಿ ಹೊತ್ತು ನಿಲ್ಲಿಸಿದ್ದು ಕೆಥೆಡ್ರಲ್ ಎದುರಿನ ಕಂಬಗಳ ಹತ್ತಿರ. ಹನ್ನೆರಡು ಕಂಬ, ಮೈತುಂಬ ಹೆಸರು. ಯುದ್ಧದಲ್ಲಿ ಸತ್ತವರು, ಕಾಣೆಯಾದವರು. ಒಟ್ಟು ಎರಡು ಲಕ್ಷಕ್ಕೂ ಹೆಚ್ಚು ಜನ ಅಂತ ವಿಶ್ವಸಂಸ್ಥೆ ನೆರವಿನ ಸತ್ಯಶೋಧನಾ ಆಯೋಗ 1999ರಲ್ಲಿ ಹೇಳಿತು, ಅದರಲ್ಲಿ ಬಹುಪಾಲು ಅಲ್ಲಿನ ಮೂಲನಿವಾಸಿ ಮಾಯಾ ಜನ. ಚರ್ಚಿನ ಕಡೆಯಿಂದ ಇದೇ ಕೆಲಸ ಮಾಡಿಸಿದ ಬಿಷಪ್ ಹುವಾನ್ ಹೆರಾರ್ದಿ, ವರದಿ ಕೊಟ್ಟ ಎರಡು ದಿನಕ್ಕೆ, 1998ರ ಏಪ್ರಿಲಿನಲ್ಲಿ ಕೊಲೆಯಾದರು. ಸೆನ್ಯೋ ಹೆಸರುಗಳನ್ನು ನನ್ನಿಂದ ಗಟ್ಟಿಯಾಗಿ ಓದಿಸಿದರು. ಮಾಯಾ ಹೆಸರುಗಳಲ್ಲಿ ನನ್ನ ಉಚ್ಚಾರಣೆ ತಿದ್ದಿದರು. "ಹೆಸರು ಸರಿಯಾಗಿ ಹೇಳಬೇಕು" ಅಂದರು. ನಾಲ್ಕು ಗಂಟೆಗೆ 140 ಡಾಲರ್ ಕೊಟ್ಟರೆ ಇದು ಸಿಗುವುದಿಲ್ಲ.

ಕೆಥೆಡ್ರಲ್ ಹಿಂದೆಯೇ ಮೆರ್ಕಾದೊ ಸೆಂತ್ರಾಲ್. 1976ರ ಭೂಕಂಪದಲ್ಲಿ ಹಳೇ ಮಾರುಕಟ್ಟೆ ಹೋದ ಮೇಲೆ ಹೊಸದನ್ನು ನೆಲದಡಿಯಲ್ಲಿ ಕಟ್ಟಿದ್ದಾರೆ. ಮೆಟ್ಟಿಲಿಳಿದರೆ ಕರಕುಶಲ ವಸ್ತು, ಇನ್ನೂ ಇಳಿದರೆ ತರಕಾರಿ, ಕೊಮೆದೋರ್ ಅನ್ನುವ ಸಣ್ಣ ಊಟದ ಅಂಗಡಿಗಳು. ನಮ್ಮ ಸೀಮೆಬದನೆಕಾಯಿ ಇಲ್ಲಿ ಗುಡ್ಡೆ ಗುಡ್ಡೆ, ಗ್ವಿಸ್ಕಿಲ್ ಅಂತಾರೆ. ನಾನು ಸಸ್ಯಾಹಾರಿ. ಪೆಪಿಯಾನ್ ಅಂದರೆ ಹುರಿದ ಕುಂಬಳಬೀಜ, ಎಳ್ಳು, ಟೊಮ್ಯಾಟೊ, ಒಣಮೆಣಸಿನಕಾಯಿ ರುಬ್ಬಿದ ಗಟ್ಟಿ ಸಾರು, ಆದರೆ ಸಾಮಾನ್ಯವಾಗಿ ಕೋಳಿಯೋ ಬೇರೆ ಮಾಂಸವೋ ಹಾಕಿಯೇ ಮಾಡುತ್ತಾರೆ. ಸೆನ್ಯೋ ಹಿಂದಿನ ದಿನವೇ ಫೋನ್ ಮಾಡಿ ಕೋಳಿ ಬೇಯಿಸಿದ ನೀರೂ ಬೇಡ ಅಂತ ಹೇಳಿಟ್ಟಿದ್ದರು. ಗ್ವಿಸ್ಕಿಲ್, ಆಲೂಗಡ್ಡೆ, ಹುರುಳಿಕಾಯಿ ಹಾಕಿದ ಪೆಪಿಯಾನ್, ಬಿಸಿ ಟೋರ್ತಿಯಾ, ಅಂದರೆ ಮೆಕ್ಕೆಜೋಳದ ರೊಟ್ಟಿ. ಎರಡು ಸಲ ಹಾಕಿಸಿಕೊಂಡೆ. ಕರಿ ಬೀನ್ಸಿಗೆ ಹಂದಿ ಕೊಬ್ಬು ಹಾಕಿದ್ದಾರಾ ಅಂತ ಕೇಳಿಯೇ ತಿನ್ನಿ. ಕೊಮೆದೋರ್ ಯಾವುದು ಅಂತ ಹೇಳುವುದಿಲ್ಲ, ಐದಾರೇ ಕುರ್ಚಿ ಇರುವ ಜಾಗ.

ಇಲ್ಲಿ ನನ್ನದೊಂದು ಪ್ರಯೋಗ. ನಮ್ಮದು ಸಕಲೇಶಪುರ ಕಡೆ, ಕಾಫಿ ಮಧ್ಯೆ ಏಲಕ್ಕಿ ಹಾಕಿದ ಮನೆ. ಜಗತ್ತಿಗೆ ಅತಿ ಹೆಚ್ಚು ಏಲಕ್ಕಿ ಕಳಿಸುವ ದೇಶ ಗ್ವಾಟೆಮಾಲಾ, ನಮ್ಮ ಕಡೆ ರೇಟು ಏರಿದರೂ ಇಳಿದರೂ ಇವರ ಹೆಸರು ಬರುತ್ತದೆ. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನ್ ತೋಟಗಾರರು ತಂದ ಬೆಳೆ. ಆದರೆ ಇವರು ತಿನ್ನುವುದು ತೀರಾ ಕಡಿಮೆ, ಹೆಚ್ಚಿನದು ಅರಬ್ ದೇಶಗಳ ಕಡೆ ಹೋಗುತ್ತದೆ, ಅಲ್ಲಿ ಕಾಫಿಗೆ ಹಾಕುತ್ತಾರೆ. ಮಾರುಕಟ್ಟೆಯಲ್ಲಿ ನಾಲ್ಕೈದು ಅಂಗಡಿ ಸುತ್ತಿದ ಮೇಲೆ ಒಂದು ಸಣ್ಣ ಪೊಟ್ಟಣ ಸಿಕ್ಕಿತು. ಬಾಳೆಹಣ್ಣಿನೊಳಗೆ ಸಿಹಿ ಬೀನ್ಸ್ ತುಂಬಿ ಕರಿಯುವ ರೆಯೆನಿತೊ ಮೇಲೆ ಕುಟ್ಟಿ ಉದುರಿಸಿದೆ, ಅತೋಲ್ ಅನ್ನುವ ಮೆಕ್ಕೆಜೋಳದ ಬಿಸಿ ಗಂಜಿಗೂ ಹಾಕಿದೆ. ಬೀನ್ಸ್ ಜೊತೆ ಹೊಂದಲಿಲ್ಲ. ಅತೋಲ್ ಮಾತ್ರ ಭರ್ಜರಿ. ಕೊಮೆದೋರಿನ ಅಜ್ಜಿ ಪೊಟ್ಟಣವನ್ನೇ ಇಟ್ಟುಕೊಂಡರು.

ಏಲಕ್ಕಿ ಮಾತು ಬಂದದ್ದಕ್ಕೇ ಸೆನ್ಯೋ ಪಟ್ಟಿಯಲ್ಲಿ ಇಲ್ಲದ ಜಾಗಕ್ಕೆ ಕರೆದುಕೊಂಡು ಹೋದರು, ಸೋನಾ 2ರ ಮಾಪಾ ಎನ್ ರೆಲಿಯೆವೆ. ಊಬರ್ ಇಪ್ಪತ್ತೈದು ಕೆಟ್ಸಾಲ್ ಆಯಿತು, ಟಿಕೆಟ್ಟೂ ಹೆಚ್ಚು ಕಡಿಮೆ ಅಷ್ಟೇ. ಫ್ರಾನ್ಸಿಸ್ಕೊ ವೇಲಾ 1905ರಲ್ಲಿ ಮುಗಿಸಿದ ಇಡೀ ದೇಶದ ಉಬ್ಬು ನಕ್ಷೆ, ಸುಮಾರು 1800 ಚದರ ಮೀಟರ್, ವಿಮಾನದ ಫೋಟೊ ಇಲ್ಲದ ಕಾಲದ್ದು. ಬೆಟ್ಟಗಳು ಕಾಣಲಿ ಅಂತ ಎತ್ತರವನ್ನು ಐದು ಪಟ್ಟು ಮಾಡಿದ್ದಾರೆ. ಪಕ್ಕದ ದೇಶ ಬೆಲೀಸನ್ನೂ ತಮ್ಮದೇ ಅಂತ ಸೇರಿಸಿದ್ದಾರೆ. ಕಬ್ಬಿಣದ ಗೋಪುರ ಹತ್ತಿ ನಿಂತು ಸೆನ್ಯೋ ಕೋಬಾನ್ ಕಡೆಯ ಮಳೆಬೆಟ್ಟಗಳನ್ನು ತೋರಿಸಿದರು, ಏಲಕ್ಕಿ ಬರುವುದು ಅಲ್ಲಿಂದ. ನಾನು ಪಶ್ಚಿಮ ಘಟ್ಟದ ಕಥೆ ಸ್ಪ್ಯಾನಿಶಿನಲ್ಲೇ ಹೇಳಿದೆ, ಒಂದೇ ಉಸಿರಿಗೆ ಹತ್ತು ನಿಮಿಷ. ತರಗತಿಯಲ್ಲಿ ಕೂತು ಯಾವತ್ತೂ ಅಷ್ಟು ಮಾತಾಡಿರಲಿಲ್ಲ.

ಪೊಪೊಲ್ ವುಹ್ ಮ್ಯೂಸಿಯಂ ಚೆನ್ನಾಗಿದೆ, ಅದಕ್ಕೆ ಟೀಚರ್ ಬೇಕಿಲ್ಲ, ಇನ್ನೊಂದು ದಿನ ಒಬ್ಬರೇ ಹೋಗಿ. ಸೋನಾ 1ರಲ್ಲಿ ಫೋನ್ ಜೇಬಿನಲ್ಲೇ ಇರಲಿ, ಕತ್ತಲಾಗುವ ಮುಂಚೆ ಹೊರಡಿ, ದುಡ್ಡು ಬ್ಯಾಂಕಿನ ಒಳಗಿನ ಎಟಿಎಮ್ಮಿನಲ್ಲಿ ತೆಗೆಯಿರಿ. ಇದು ಸೆನ್ಯೋ ಹೇಳಿದ್ದು, ನಾನು ಅಕ್ಷರಶಃ ಪಾಲಿಸಿದೆ.

ಖರ್ಚು ನೆನಪಿದ್ದಷ್ಟು: ಎಂಟು ಗಂಟೆ ಪಾಠಕ್ಕೆ ಎಂಬತ್ತು ಡಾಲರ್, ನಾನು ನೂರು ಕೊಟ್ಟೆ. ಇಬ್ಬರ ಊಟ ತಿಂಡಿ 120 ಕೆಟ್ಸಾಲ್, ಊಬರ್, ಬಸ್ಸು, ಟಿಕೆಟ್ ಸೇರಿ ಇನ್ನೊಂದು ನೂರು ನೂರಿಪ್ಪತ್ತು. ಒಟ್ಟು 130 ಡಾಲರ್ ಆಸುಪಾಸು. ದುಡ್ಡನ್ನು ಲಕೋಟೆಯಲ್ಲಿ ಹಾಕಿ ಬೆಳಿಗ್ಗೆಯೇ ಕೊಟ್ಟುಬಿಡಿ, ಸಂಜೆ ಕೊಡಬೇಡಿ. ದಿನವಿಡೀ ಇಬ್ಬರಿಗೂ ಆ ಲೆಕ್ಕ ತಲೆಯಲ್ಲಿ ಇರುವುದಿಲ್ಲ. ಮುಂದಿನದು ಹೊಂಡುರಾಸ್ ರಾಜಧಾನಿ ತೆಗುಸಿಗಾಲ್ಪಾ. ಅಲ್ಲಿನ ಒಬ್ಬ ಟೀಚರ್ ಹತ್ತಿರ ಪಾಠ ಈಗಾಗಲೇ ಶುರು ಮಾಡಿದ್ದೇನೆ.